ಕೇಪ್ ಕೋಸ್ಟ್ ಕೋಟೆ: ಬೇರು ಹುಡುಕಿ ಹೋಗುವವರಿಗೆ ಏನು ಸಿಗುತ್ತದೆ?

ಗುಲಾಮರಾಗಿ ಮಾರಿದ ಆಫ್ರಿಕನ್ನರನ್ನು ಹಡಗು ಹತ್ತಿಸುವ ಮೊದಲು ಕೂಡಿಹಾಕುತ್ತಿದ್ದ ಘಾನಾದ ಈ ಕೋಟೆಗೆ ಬರುವ ಅಮೆರಿಕ, ಕೆರಿಬಿಯನ್ ಕಡೆಯ ಕಪ್ಪು ಜನರಲ್ಲಿ ಹಲವರಿಗೆ ಇದು ಪ್ರವಾಸಕ್ಕಿಂತ ಪೂರ್ವಿಕರ ದರ್ಶನ. ಆ ದೃಷ್ಟಿಯಿಂದ ನೋಡಿದರೆ ಗೈಡ್‌ಗಳ ಕೆಲಸ ಮೆಚ್ಚುವಂಥದ್ದು. ಗಂಡಸರ ನೆಲಮಾಳಿಗೆಯಲ್ಲಿ ಗೋಡೆಯ ಎತ್ತರದಲ್ಲೊಂದು ಸಣ್ಣ ಕಿಂಡಿ. ಬೆಳಕು, ಗಾಳಿ ಎರಡಕ್ಕೂ ಅದೇ ಗತಿ. ಅದರ ನೆತ್ತಿಯ ಮೇಲೇ ಇಂಗ್ಲಿಷರ ಪ್ರಾರ್ಥನಾ ಮಂದಿರವಿತ್ತು ಎಂದು ಗೈಡ್ ಹೇಳಿದಾಗ ಗುಂಪಿನಲ್ಲಿ ಯಾರಿಗೂ ಮಾತು ಹೊರಡುವುದಿಲ್ಲ. ನೆಲ ತಗ್ಗುದಿಣ್ಣೆ, ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ.

ಕೊರತೆ ಎಂದರೆ ಜನಸಂದಣಿ. ಶಾಲಾ ಮಕ್ಕಳ ತಂಡ ಬಂದರೆ ಗೈಡ್ ದನಿ ಕೇಳಿಸದು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ನಿಮ್ಮ ಮನೆತನದ ಹೆಸರು ಇಲ್ಲಿ ಸಿಕ್ಕೀತು ಎಂಬ ಆಸೆಯಂತೂ ಬೇಡ. 1482ರಲ್ಲಿ ಪೋರ್ಚುಗೀಸರು ಕಟ್ಟಿದ ಎಲ್ಮಿನಾ ಕೋಟೆ ಹತ್ತಿರದಲ್ಲೇ ಇದೆ, ಆದರೆ ಎರಡನ್ನೂ ಒಂದೇ ದಿನ ಮುಗಿಸಲು ಹೊರಟರೆ ಮನಸ್ಸು ಮರಗಟ್ಟುತ್ತದೆ.

ಇಲ್ಲಿನ ಭಾಷೆ ಫ್ಯಾಂಟಿ ಬಲ್ಲ ಸ್ಥಳೀಯ ಗೆಳೆಯರು ಜೊತೆಗಿದ್ದರೆ ಅರ್ಧ ತೊಂದರೆ ತಪ್ಪಿತು. ಕೋಟೆಯ ಹೊರಗೆ ಹುಡುಗರು ಹೆಸರು ಕೇಳಿ, ಅದನ್ನು ಚಿಪ್ಪಿನ ಮೇಲೆ ಬರೆದು ತಂದು ದುಡ್ಡು ಕೇಳುವುದುಂಟು. ಗೆಳೆಯರ ಒಂದು ಮಾತಿಗೆ ಅದು ನಗುವಿನಲ್ಲಿ ಮುಗಿಯುತ್ತದೆ. ವೀಸಾ ಅರ್ಜಿಗೂ ಅವರ ಆಹ್ವಾನ ಪತ್ರ ಉಪಯೋಗಕ್ಕೆ ಬರುತ್ತದೆ. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಲಸಿಕೆ ಹಾಕಿಸಿ 10 ದಿನ ಕಳೆಯುವವರೆಗೆ ಪ್ರಮಾಣಪತ್ರ ಊರ್ಜಿತವಾಗದು. ಟಿಕೆಟ್‌ಗೆ, ಗೈಡ್‌ಗೆ ಕೊಡಲು ಘಾನಾದ ಹಣವಾದ ಸೆಡಿಯ ಚಿಲ್ಲರೆ ನೋಟುಗಳಿರಲಿ.