ಎಂಜೈಮ್ ಇರುವ ಬಟ್ಟೆ ಪುಡಿ ಹೇಗಿದೆ?

ರಕ್ತ, ಬೆವರಿನ ಕಲೆಗೆ ಈ ಪುಡಿ ನಿಜಕ್ಕೂ ಚೆನ್ನಾಗಿದೆ. ಎಂಜೈಮ್ ಅಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುವ ಪ್ರೋಟೀನ್. ಪುಡಿಯಲ್ಲಿರುವ ಪ್ರೋಟಿಯೇಸ್ ಎಂಬ ಎಂಜೈಮ್ ಕಲೆಯ ಪ್ರೋಟೀನನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ, ಎಣ್ಣೆ ಜಿಡ್ಡಿಗೆ ಲೈಪೇಸ್, ಗಂಜಿಗೆ ಅಮೈಲೇಸ್, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎಂಜೈಮ್ ಕೆಲಸ ಮಾಡಿಯೂ ಖರ್ಚಾಗುವುದಿಲ್ಲ, ಮುಂದಿನ ಅಣುವಿಗೆ ಹೋಗುತ್ತದೆ, ಅದಕ್ಕೇ ಸ್ವಲ್ಪ ಇದ್ದರೂ ಸಾಕು. ಆದರೆ ಸಮಯ ಬೇಕು. ಅರ್ಧ ಗಂಟೆಯಾದರೂ ನೆನೆಸಿಡಿ. ನೀರು 30ರಿಂದ 40 ಡಿಗ್ರಿ ಇದ್ದರೆ ಒಳ್ಳೆಯದು, ತಣ್ಣೀರಲ್ಲಿ ನಿಧಾನ ಅಷ್ಟೇ. ಕುದಿಯುವ ನೀರು ಸುರಿದರೆ ಮಾತ್ರ ಎಂಜೈಮಿನ ಆಕಾರವೇ ಕೆಟ್ಟುಹೋಗುತ್ತದೆ, ಆಮೇಲೆ ನೀರು ತಣ್ಣಗಾದರೂ ಪ್ರಯೋಜನವಿಲ್ಲ. ಬ್ಲೀಚ್ ಜೊತೆ ಬೆರೆಸಲೇಬೇಡಿ. ನನಗಿರುವ ಬೇಸರ ಒಂದೇ. ರೇಷ್ಮೆ, ಉಣ್ಣೆಯೂ ಪ್ರೋಟೀನೇ ಅಲ್ವಾ, ಪ್ರೋಟಿಯೇಸ್ ಅವನ್ನೂ ಹಾಳು ಮಾಡುತ್ತದೆ, ಆ ಎಚ್ಚರಿಕೆಯನ್ನು ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು.