ಹೈಪರ್‌ಫೈನ್ ಅಳೆಯುವುದು ಏನನ್ನು? ಮೇಕ್‌ಫೈಲ್ ಜೊತೆಗಿನ ಬಳಕೆಯ ವಿಮರ್ಶೆ

ಮೇಕ್ (ಮೇಕ್‌ಫೈಲ್ ಎಂಬ ಫೈಲಿನಲ್ಲಿ ಬರೆದ ನಿಯಮಗಳಂತೆ ಕಮಾಂಡ್‌ಗಳನ್ನು ಓಡಿಸುವ ಟೂಲ್) ಮೂಲಕ ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಆಯ್ಕೆಗಳಲ್ಲಿ ಕಂಪೈಲ್ ಮಾಡಿ ವೇಗವನ್ನು ಹೋಲಿಸುವ ಕೆಲಸಕ್ಕೆ ನಾನು ಹಲವು ತಿಂಗಳಿಂದ ಹೈಪರ್‌ಫೈನ್ ಬಳಸುತ್ತಿದ್ದೇನೆ. ರಸ್ಟ್ ಭಾಷೆಯಲ್ಲಿ ಬರೆದಿರುವ ಈ ಉಚಿತ ಕಮಾಂಡ್‌ಲೈನ್ ಟೂಲ್, ಬೇರೆ ಸೂಚನೆ ಕೊಡದಿದ್ದರೆ, ಒಂದು ಕಮಾಂಡನ್ನು ಕನಿಷ್ಠ 10 ಸಲ ಓಡಿಸಿ ಸರಾಸರಿ ಸಮಯ, ಅದರ ಏರಿಳಿತ, ಅತಿ ಕಡಿಮೆ ಹಾಗೂ ಅತಿ ಹೆಚ್ಚು ಸಮಯ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಒಂದೇ ಸಲ ಓಡಿಸಿ ಬಂದ ಅಂಕಿಯನ್ನು ನಂಬುವ ನನ್ನ ಅಭ್ಯಾಸವನ್ನು ಬಿಡಿಸಿದ್ದು ಇದೇ.

ಆದರೆ ಮೊದಲ ವಾರದಲ್ಲೇ ಒಂದು ಫಲಿತಾಂಶ ನನ್ನನ್ನು ಕಂಗೆಡಿಸಿತು. ವೇಗಕ್ಕಾಗಿ ಕೋಡನ್ನು ಸುಧಾರಿಸದ ‘ಓ0’ ಮತ್ತು ಬಹಳಷ್ಟು ಸುಧಾರಿಸುವ ‘ಓ3’ ಎಂಬ ಕಂಪೈಲರ್ ಆಯ್ಕೆಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಟೂಲನ್ನೇ ಅನುಮಾನಿಸಿ ಅರ್ಧ ದಿನ ಕಳೆದ ಮೇಲೆ, ‘ಮೇಕ್ -ಎನ್’ (ಓಡಬೇಕಾದ ಕಮಾಂಡ್‌ಗಳನ್ನು ಓಡಿಸದೆ ತೋರಿಸುವ ಆಯ್ಕೆ) ಕೊಟ್ಟು ನೋಡಿದರೆ ಕಂಪೈಲರನ್ನು ಕರೆಯುವ ಸಾಲೇ ಕಾಣಲಿಲ್ಲ. ಮೇಕ್ ನೋಡುವುದು ಫೈಲುಗಳ ಸಮಯಮುದ್ರೆಯನ್ನು (ಕೊನೆಯದಾಗಿ ಬದಲಾದ ಸಮಯವನ್ನು) ಮಾತ್ರ. ಕಂಪೈಲರ್‌ಗೆ ಕೊಡುವ ಆಯ್ಕೆಗಳ ಪಟ್ಟಿಯಾದ ‘ಸಿಫ್ಲ್ಯಾಗ್ಸ್’ ಬದಲಾದರೂ ಸೋರ್ಸ್ ಫೈಲ್ ಬದಲಾಗಿಲ್ಲವಾದ್ದರಿಂದ ಅದು ಹಳೆಯ ಬೈನರಿಯನ್ನೇ (ಕಂಪೈಲ್ ಆಗಿ ಸಿಗುವ, ಓಡಿಸಬಲ್ಲ ಫೈಲನ್ನೇ) ಉಳಿಸಿಕೊಂಡಿತ್ತು, ಹೈಪರ್‌ಫೈನ್ ಅದನ್ನೇ ಎರಡು ಸಲ ಸರಿಯಾಗಿ ಅಳೆದಿತ್ತು. ಅಂದಿನಿಂದ ಪ್ರತಿ ಆಯ್ಕೆಗೂ ಬೇರೆ ಡೈರೆಕ್ಟರಿಯಲ್ಲಿ ಬೈನರಿ ತಯಾರಾಗುವಂತೆ ನಿಯಮ ಬರೆಯುತ್ತಿದ್ದೇನೆ.

ಪ್ರೋಗ್ರಾಮನ್ನು ಮೇಕ್ ಮೂಲಕವೇ ಓಡಿಸುವ ‘ಮೇಕ್ ರನ್’ ಎಂಬುದನ್ನೇ ಹೈಪರ್‌ಫೈನ್‌ಗೆ ಕೊಡುವುದು ಇನ್ನೊಂದು ಸಾಮಾನ್ಯ ತಪ್ಪು, ಏಕೆಂದರೆ ಆಗ ಮೇಕ್ ತನ್ನ ಫೈಲನ್ನು ಓದುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಮೊದಲೇ ಕಂಪೈಲ್ ಮಾಡಿಟ್ಟು ಬೈನರಿಯನ್ನು ನೇರವಾಗಿ ಕೊಡಬೇಕು. ಪ್ರತಿ ಓಟಕ್ಕೂ ಮುನ್ನ ಸಿದ್ಧತೆ ಬೇಕಿದ್ದರೆ ‘ಪ್ರಿಪೇರ್’ ಆಯ್ಕೆ ಇದೆ, ಅದರ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಮೇಕ್‌ಫೈಲ್ ಒಳಗೇ, ಕಮಾಂಡಿಗೆ ಹಿಡಿದ ಸಮಯ ತೋರಿಸುವ ‘ಟೈಮ್’ ಬರೆಯುವವರಿಗೂ ಒಂದು ಮಾತು: ಬ್ಯಾಶ್ ಎಂಬ ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮಿನಲ್ಲಿ) ಅದು ಶೆಲ್‌ನದೇ ಪದ, ಆದರೆ ಮೇಕ್ ಬಳಸುವುದು ‘ಎಸ್‌ಎಚ್’ ಶೆಲ್ಲನ್ನು, ಹೀಗಾಗಿ ಕೆಲವು ಸಿಸ್ಟಮ್‌ಗಳಲ್ಲಿ ಅಂಕಿಗಳು ಬೇರೆ ರೂಪದಲ್ಲಿ ಬರುತ್ತವೆ ಅಥವಾ ಕಮಾಂಡ್ ಸಿಗಲಿಲ್ಲವೆಂಬ ಎರರ್ ಬರುತ್ತದೆ.

ತೀರಾ ಚಿಕ್ಕ ಪ್ರೋಗ್ರಾಮುಗಳ ವಿಷಯದಲ್ಲಿ ಈ ಟೂಲ್ ಪ್ರಾಮಾಣಿಕವಾಗಿದೆ. ಕಮಾಂಡನ್ನು ಓಡಿಸುವ ಶೆಲ್ ಆರಂಭವಾಗಲು ಹಿಡಿಯುವ ಸಮಯವನ್ನು ತಾನೇ ಅಳೆದು ಕಳೆಯುತ್ತದೆ, ಕಮಾಂಡಿನ ಸಮಯ 5 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಫಲಿತಾಂಶ ನಿಖರವಾಗಿರದಿರಬಹುದೆಂದು ಎಚ್ಚರಿಸುತ್ತದೆ. ಅಂಥ ಸಂದರ್ಭದಲ್ಲಿ ಶೆಲ್ಲನ್ನೇ ಬಿಟ್ಟು ಓಡಿಸುವ ಆಯ್ಕೆಯನ್ನು ಬಳಸಬೇಕು.

ಕೊರತೆಗಳೂ ಇವೆ. ಪ್ರೊಸೆಸರ್ ತನ್ನ ವೇಗವನ್ನು ಏರಿಳಿಸುವುದನ್ನು ಇದು ತಡೆಯಲಾರದು. ಕ್ಯಾಶ್ ಮಿಸ್‌ಗಳ (ಬೇಕಾದ ಡೇಟಾ ಪ್ರೊಸೆಸರಿನ ವೇಗದ ಮೆಮೊರಿಯಲ್ಲಿ ಸಿಗದ ಸಂದರ್ಭಗಳ) ಲೆಕ್ಕ ಬೇಕಿದ್ದರೆ ಲಿನಕ್ಸ್‌ನ ಪರ್ಫ್ ಎಂಬ ಟೂಲಿಗೇ ಹೋಗಬೇಕು. ನನಗೆ ಹೆಚ್ಚು ಕಾಡಿದ್ದು ಬೇರೆ. ಪ್ರೋಗ್ರಾಮ್ ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ವಿಫಲವಾಯಿತೆಂಬ ಸೂಚನೆ) ಕೊಟ್ಟರೆ ಹೈಪರ್‌ಫೈನ್ ಕೂಡಲೇ ನಿಲ್ಲುತ್ತದೆ, ಅದು ಸರಿಯೇ. ಆದರೆ ಔಟ್‌ಪುಟ್ಟನ್ನು ತಾನಾಗಿ ಎಸೆದುಬಿಡುವುದರಿಂದ, ತಪ್ಪು ಉತ್ತರವನ್ನು ಬೇಗ ಕೊಡುವ ಬೈನರಿಯೂ ಪಟ್ಟಿಯಲ್ಲಿ ಮೊದಲು ಬರಬಹುದು. ಆದ್ದರಿಂದ ನನ್ನ ಮೇಕ್‌ಫೈಲಿನಲ್ಲಿ ಬೆಂಚ್‌ಮಾರ್ಕ್ ನಿಯಮ ಈಗ ಇನ್ನೊಂದು ನಿಯಮವನ್ನು ಅವಲಂಬಿಸಿದೆ: ಅದು ಎರಡೂ ಬೈನರಿಗಳ ಔಟ್‌ಪುಟ್ಟನ್ನು ‘ಡಿಫ್’ ಮೂಲಕ ಹೋಲಿಸಿ, ಒಂದಕ್ಷರ ಬೇರೆಯಾದರೂ ಅಳತೆಯನ್ನು ಆರಂಭಿಸಲು ಬಿಡುವುದಿಲ್ಲ.