ಬಿಲ್ ಇದೆ, ಪ್ಲಗಿನ್ ತೆರೆಯುವುದಿಲ್ಲ: ಸೇಲ್‌ನಲ್ಲಿ ಕೊಳ್ಳುವ ಮುಂಚೆ ಓದಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ, ಮಿಕ್ಸ್ ಮಾಡುವವರಿಗಾಗಿ ಈ ಬರಹ. ಪ್ಲಗಿನ್ ಎಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಸೇರಿಕೊಂಡು ದನಿ ತಿದ್ದುವ ಅಥವಾ ಹುಟ್ಟಿಸುವ ಪುಟ್ಟ ಸಾಫ್ಟ್‌ವೇರ್. ನವೆಂಬರ್ ಬಂದರೆ ಸಾಕು, ಪ್ಲಗಿನ್ ಕಂಪನಿಗಳ ಮೇಲ್‌ಗಳು ಮುಗಿಬೀಳುತ್ತವೆ. 299 ಡಾಲರ್ ಎಂದು ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ 39 ಎಂದು ಹಾಕಿ, ಕೆಳಗೆ ಗಡಿಯಾರ ಓಡಿಸುತ್ತಾರೆ. ಆಗ ನಮ್ಮ ಮಂದಿಯ ನಡುವೆ ಒಂದೇ ಚರ್ಚೆ. ಫ್ರೀ ಸಾಕಾ, ದುಡ್ಡು ಕೊಟ್ಟೇ ತಗೋಬೇಕಾ? ಜಗಳವೆಲ್ಲ ಯಾವುದರ ದನಿ ಚೆನ್ನಾಗಿದೆ ಎನ್ನುವುದರ ಮೇಲೆ. ನನಗೆ ಕೈಕೊಟ್ಟ ಪ್ಲಗಿನ್‌ನ ದನಿ ಚೆನ್ನಾಗಿಯೇ ಇತ್ತು. ದುಡ್ಡು ಕೊಟ್ಟು ಕೊಂಡಿದ್ದು, ಬಿಲ್ ಕೂಡ ಇದೆ. ಕಂಪನಿಯ ಹೆಸರು ಬೇಡ, ಆ ಹೆಸರಲ್ಲಿ ಅದು ಈಗ ಇಲ್ಲವೇ ಇಲ್ಲ.

ಆಗಿದ್ದಿಷ್ಟು. ಕೆಲವು ವರ್ಷಗಳ ಹಿಂದೆ ಪರಿಚಯದ ಗಾಯಕಿಯೊಬ್ಬರಿಗೆ ಒಂದಷ್ಟು ಭಾವಗೀತೆ ಮಿಕ್ಸ್ ಮಾಡಿಕೊಟ್ಟಿದ್ದೆ. ಕೊಳಲು, ತಬಲಾ, ಕೀಬೋರ್ಡ್, ತಂಬೂರಿ, ಅಷ್ಟೇ. ಅವರು ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅದರಲ್ಲೊಂದು ಹಾಡು ಹಾಡಬೇಕು, ದನಿ ತೆಗೆದ ಟ್ರ್ಯಾಕ್ ಕಳಿಸಿ ಅಂದರು. ಪ್ರಾಜೆಕ್ಟ್ ತೆರೆದು, ಅವರ ದನಿ ಮ್ಯೂಟ್ ಮಾಡಿ, ರೆಂಡರ್ (ಎಲ್ಲ ಸೇರಿಸಿ ಒಂದೇ ಫೈಲ್ ಮಾಡುವುದು) ಒತ್ತಿದರೆ ಮುಗಿಯುವ ಕೆಲಸ.

ರೀಪರ್ ಎನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟ್ ತೆರೆಯಿತು. ರೆಕಾರ್ಡಿಂಗ್‌ಗಳೆಲ್ಲ ಹಾಗೇ ಇದ್ದವು. ಆದರೆ ಕೊಳಲು, ತಬಲಾ ಮತ್ತು ಎಲ್ಲ ವಾದ್ಯ ಸೇರುವ ಬಸ್ ಮೇಲೆ ಹಾಕಿದ್ದ ಚಾನೆಲ್ ಸ್ಟ್ರಿಪ್ ಪ್ಲಗಿನ್ ಲಾಗಿನ್ ಕೇಳಿತು. ಫ್ರೀಕ್ವೆನ್ಸಿ ಏರಿಸಿ ಇಳಿಸುವ ಈಕ್ಯೂ, ಜೋರು ದನಿ ಹಿಡಿದಿಡುವ ಕಂಪ್ರೆಸರ್ ಎಲ್ಲ ಒಂದರಲ್ಲೇ ಇರುವ ಪ್ಲಗಿನ್ ಅದು. ಇಮೇಲ್, ಪಾಸ್‌ವರ್ಡ್ ಕೊಟ್ಟರೆ ಸರ್ವರ್ ಸಿಗುತ್ತಿಲ್ಲ ಎಂದಿತು. ಲೈಸೆನ್ಸ್ ಇಲ್ಲದೆಯೂ ಓಡುತ್ತದೆ, ಆದರೆ ಆಗಾಗ ಎರಡು ಸೆಕೆಂಡ್ ದನಿ ಪೂರ್ತಿ ನಿಂತುಹೋಗುತ್ತದೆ. ಪಲ್ಲವಿ ಮುಗಿದು ಕೊಳಲು ಏರುವ ಹೊತ್ತಿಗೆ ಸರಿಯಾಗಿ ಮೌನ. ರೆಂಡರ್ ಮಾಡಿದ ಫೈಲಿನಲ್ಲೂ ಆ ತೂತುಗಳೆಲ್ಲ ಬಂದವು.

ಕಾರಣ ಹುಡುಕಿದೆ. ನಡುವೆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಕೆಟ್ಟು ಬದಲಾಗಿತ್ತು. ಡಿಸ್ಕ್ ಅದೇ, ವಿಂಡೋಸ್ ಅದೇ. ಆದರೆ ಇಂಥ ಪ್ಲಗಿನ್‌ಗಳು ಕಂಪ್ಯೂಟರಿನ ಬಿಡಿಭಾಗಗಳ ಗುರುತು ಸೇರಿಸಿ ಒಂದು ನಂಬರ್ ಮಾಡಿಕೊಂಡು, ಅದಕ್ಕೆ ಲೈಸೆನ್ಸ್ ಕಟ್ಟಿಹಾಕುತ್ತವೆ. ಬೋರ್ಡ್ ಬದಲಾದರೆ ಅದರ ಲೆಕ್ಕಕ್ಕೆ ಅದು ಹೊಸ ಕಂಪ್ಯೂಟರ್. ಹಳೆಯದನ್ನು ಬಿಡಿಸಬೇಕಾದರೆ ಹಳೆಯ ಕಂಪ್ಯೂಟರಿನಲ್ಲೇ ಡಿಆಕ್ಟಿವೇಟ್ ಒತ್ತಬೇಕು. ಸತ್ತ ಬೋರ್ಡಿನಲ್ಲಿ ಯಾವ ಬಟನ್ ಒತ್ತುವುದು ಹೇಳಿ?

ಸಾಮಾನ್ಯವಾಗಿ ಇದಕ್ಕೆ ಸಪೋರ್ಟ್‌ಗೆ ಒಂದು ಮೇಲ್ ಹಾಕಿದರೆ ಸಾಕು, ಅವರೇ ಬಿಡಿಸಿಕೊಡುತ್ತಾರೆ. ಇಲ್ಲಿ ಅಷ್ಟರಲ್ಲಿ ಕಂಪನಿಯನ್ನೇ ಇನ್ನೊಂದು ಕಂಪನಿ ಕೊಂಡಿತ್ತು. ಹೊಸ ವೆಬ್‌ಸೈಟಿನ ನನ್ನ ಖಾತೆಯಲ್ಲಿ ಹಳೆಯ ಖರೀದಿಯೇ ಕಾಣಲಿಲ್ಲ. ಬಿಲ್ ಕೇಳಿದರು, ಕಳಿಸಿದೆ. ವಾರ ಬಿಟ್ಟು ತುಂಬಾ ವಿನಯದ ಉತ್ತರ ಬಂತು. ಆ ಪ್ಲಗಿನ್‌ಗೆ ಬೆಂಬಲ ಮುಗಿದಿದೆ, ಅದರ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದ್ದೇವೆ, ಹೊಸ ಆವೃತ್ತಿ ಇದೆ, ಹಳೆಯ ಗ್ರಾಹಕರಿಗೆ ರಿಯಾಯಿತಿ ಉಂಟು. ಸರಿ, ಅದನ್ನೇ ಕೊಂಡರೆ ಹಳೆಯ ಪ್ರಾಜೆಕ್ಟಿನ ಸೆಟ್ಟಿಂಗ್ ಬರುತ್ತದಾ ಎಂದು ಕೇಳಿದೆ. ಬರುವುದಿಲ್ಲವಂತೆ! ಅಂದರೆ ಮತ್ತೆ ದುಡ್ಡು ಕೊಟ್ಟರೂ ಈ ಹಾಡು ತೆರೆಯುವುದಿಲ್ಲ.

ರೀಪರ್‌ನ ಪ್ರಾಜೆಕ್ಟ್ ಫೈಲ್ ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಬಹುದು. ತೆರೆದೆ. ಟ್ರ್ಯಾಕಿನ ಹೆಸರು, ವಾಲ್ಯೂಮ್, ಪ್ಯಾನ್ ಎಲ್ಲ ಓದಲು ಬರುತ್ತದೆ. ಪ್ಲಗಿನ್ ಇರುವ ಜಾಗಕ್ಕೆ ಬಂದರೆ ಸಾಲು ಸಾಲು ಅರ್ಥವಾಗದ ಅಕ್ಷರ. ತಬಲಾದ ಮೇಲೆ ಯಾವ ಫ್ರೀಕ್ವೆನ್ಸಿ ಎಷ್ಟು ಏರಿಸಿದ್ದೆ, ಕಂಪ್ರೆಸರ್ ಎಷ್ಟು ಹಿಡಿದಿತ್ತು ಎನ್ನುವುದೆಲ್ಲ ಆ ಸಾಲುಗಳ ಒಳಗೇ ಇದೆ. ಆದರೆ ಅದನ್ನು ಓದಲು ಬರುವುದು ಆ ಪ್ಲಗಿನ್‌ಗೆ ಮಾತ್ರ.

ಕೊನೆಗೆ ಮಿಕ್ಸ್ ಮತ್ತೆ ಕಟ್ಟಬೇಕಾಯಿತು, ಅದೂ ಪೂರ್ತಿ ಫ್ರೀ ಸಾಮಾನುಗಳಲ್ಲಿ. ಟೋಕಿಯೋ ಡಾನ್‌ನವರ ನೋವಾ ಎನ್ನುವ ಡೈನಮಿಕ್ ಈಕ್ಯೂ, ರೀಪರ್ ಜೊತೆಗೇ ಬರುವ ರೀಕಾಂಪ್ ಕಂಪ್ರೆಸರ್, ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಗೆರೆಯಲ್ಲಿ ತೋರಿಸುವ ವಾಕ್ಸೆಂಗೋ ಸ್ಪ್ಯಾನ್. ಹಳೆಯ ಎಂಪಿ3 ಒಂದು ಟ್ರ್ಯಾಕಿಗೆ ಹಾಕಿ, ದನಿ ಇಲ್ಲದ ಇಂಟರ್‌ಲೂಡ್ ಭಾಗವನ್ನಷ್ಟೇ ಲೂಪ್ ಮಾಡಿ, ಸ್ಪ್ಯಾನ್‌ನಲ್ಲಿ ಹಳೆಯದರ ಗೆರೆಗೆ ಹೊಸದರ ಗೆರೆ ಕೂಡಿಸುತ್ತಾ ಹೋದೆ. ಕೊಳಲು ಬೇಗ ಸರಿಹೋಯಿತು. ತಬಲಾದ ಡಗ್ಗಾ ಜಾಸ್ತಿ ಸತಾಯಿಸಿತು. ಹಳೆಯ ಪ್ಲಗಿನ್‌ನಲ್ಲಿ ಟೇಪ್‌ನ ಹಾಗೆ ಸ್ವಲ್ಪ ಕೆರೆಯುವ ಭಾಗವೊಂದಿತ್ತು. ಡಗ್ಗಾದ ತಳದ ಗುಂಕಾರ ಫೋನಿನ ಪುಟ್ಟ ಸ್ಪೀಕರಿನಲ್ಲೂ ಕೇಳುತ್ತಿದ್ದದ್ದು ಅದರಿಂದ. ಆ ಕೆರೆತ ಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಸ್ವರದ ಮೇಲಿನ ಉಪಸ್ವರಗಳನ್ನು, ಹುಟ್ಟಿಸುತ್ತದೆ, ಬರೀ ಈಕ್ಯೂ ಏರಿಸಿದರೆ ಅವು ಬರುವುದಿಲ್ಲ. ಏರ್‌ವಿಂಡೋಸ್‌ನ ಟೇಪ್ ಪ್ಲಗಿನ್ ಹಾಕಿದ ಮೇಲೆ ಹತ್ತಿರ ಬಂತು. ಗಾಯಕಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನನಗೆ ಗೊತ್ತಾಗುತ್ತದೆ, ಬಿಡಿ.

ಹಾಗಂತ ಫ್ರೀ ಒಳ್ಳೆಯದು, ದುಡ್ಡಿನದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕೊಳ್ಳುವ ಮುಂಚೆ ನೋಡಬೇಕಾದ್ದು ಇಷ್ಟು: ಐದು ವರ್ಷ ಬಿಟ್ಟು, ಬೇರೆ ಕಂಪ್ಯೂಟರಿನಲ್ಲಿ, ಕಂಪನಿಯೇ ಇಲ್ಲದಿದ್ದರೂ ಇದು ತೆರೆಯುತ್ತದಾ? ಮನೆ ನಮ್ಮ ಹೆಸರಿನಲ್ಲಿದ್ದು ಬೀಗದ ಕೈ ಮಾತ್ರ ಮಾರಿದವನ ಜೇಬಿನಲ್ಲಿದ್ದರೆ ಏನು ಉಪಯೋಗ?

ದುಡ್ಡಿನ ಪ್ಲಗಿನ್‌ಗಳಲ್ಲೇ ಕೀಲಿ ನಮ್ಮ ಕೈಗೆ ಕೊಡುವವರಿದ್ದಾರೆ. ಫ್ಯಾಬ್‌ಫಿಲ್ಟರ್ ಒಂದು ಲೈಸೆನ್ಸ್ ಕೀ ಕೊಡುತ್ತದೆ. ವಲ್‌ಹಲ್ಲಾ ಒಂದು ಪುಟ್ಟ ಫೈಲ್ ಕೊಡುತ್ತದೆ. ಯು-ಹಿ ಸೀರಿಯಲ್ ನಂಬರ್ ಕೊಡುತ್ತದೆ. ಇನ್‌ಸ್ಟಾಲರ್ ಜೊತೆ ಅದನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟರೆ ನೆಟ್ ಇಲ್ಲದ ಕೋಣೆಯಲ್ಲೂ ನಡೆಯುತ್ತದೆ. ಇವುಗಳಿಗೆ ದೊಡ್ಡ ಸೇಲ್ ಬರುವುದು ಕಡಿಮೆ. ನನ್ನ ಅನಿಸಿಕೆ ಕೇಳಿದರೆ, 39 ಡಾಲರಿಗೆ ಬಿದ್ದ ಮೂರು ಪ್ಲಗಿನ್‌ಗಿಂತ ಇಂಥದ್ದೊಂದು ಮೇಲು.

ಇನ್ನು ಕೆಲವು ಕಂಪನಿಗಳು ಐಲಾಕ್ ಎನ್ನುವ ಲೈಸೆನ್ಸ್ ವ್ಯವಸ್ಥೆ ಬಳಸುತ್ತವೆ. ಅದರ ಲೈಸೆನ್ಸನ್ನು ಕಂಪ್ಯೂಟರಿನಲ್ಲಿ, ಕ್ಲೌಡ್‌ನಲ್ಲಿ ಅಥವಾ ಯುಎಸ್‌ಬಿ ಡಾಂಗಲ್‌ನಲ್ಲಿ ಇಡಬಹುದು, ಯಾವುದಕ್ಕೆ ಅವಕಾಶ ಅನ್ನುವುದು ಆಯಾ ಕಂಪನಿಯ ಇಷ್ಟ. ಡಾಂಗಲ್ ಆದರೆ ಬೋರ್ಡ್ ಸತ್ತರೂ ಚಿಂತೆಯಿಲ್ಲ, ಆದರೆ ಡಾಂಗಲ್ಲೇ ಕಳೆದರೆ ಬೇರೆ ಗೋಳು.

ಚಂದಾ ಪ್ಲಗಿನ್‌ಗಳ ಕಥೆ ಸರಳ. ಕಟ್ಟುವುದು ನಿಲ್ಲಿಸಿದ ದಿನ ಹಳೆಯ ಪ್ರಾಜೆಕ್ಟುಗಳಲ್ಲೂ ಅವು ನಿಲ್ಲುತ್ತವೆ. ಒಂದು ಸಿನಿಮಾ ಕೆಲಸಕ್ಕೆ ಎರಡು ತಿಂಗಳು ಬೇಕಾದರೆ ಚಂದಾ ಸರಿ. ಹಾಡು ಕೂಡಿಟ್ಟುಕೊಳ್ಳುವವರಿಗೆ ಬೇಡ. ಒಮ್ಮೆ ಕೊಂಡರೆ ಸದಾಕಾಲ ನಮ್ಮದು ಎನ್ನುವ ಪದ್ಧತಿಯೂ ಗಟ್ಟಿ ಅಂದುಕೊಳ್ಳಬೇಡಿ. 2023ರ ಮಾರ್ಚ್ ಕೊನೆಯಲ್ಲಿ ವೇವ್ಸ್ ಎನ್ನುವ ಪ್ಲಗಿನ್ ಕಂಪನಿ ಅಂಥ ಲೈಸೆನ್ಸ್ ಮಾರುವುದನ್ನೇ ನಿಲ್ಲಿಸಿ, ಇನ್ನು ಮೇಲೆ ಚಂದಾ ಮಾತ್ರ ಎಂದು ಘೋಷಿಸಿತ್ತು. ಜಗತ್ತಿನಾದ್ಯಂತ ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಗಲಾಟೆ ಆಗದಿದ್ದರೆ?

ಫ್ರೀ ಪ್ಲಗಿನ್‌ಗಳೂ ಸಾಯುತ್ತವೆ. ಕ್ಯಾಮೆಲ್‌ಕ್ರಷರ್ ನೆನಪಿದೆಯಾ? ಡಿಸ್ಟಾರ್ಷನ್ ಬೇಕೆಂದರೆ ಎಲ್ಲರೂ ಅದನ್ನೇ ಹಾಕುತ್ತಿದ್ದರು. ಅದನ್ನು ಮಾಡಿದ ಕ್ಯಾಮೆಲ್ ಆಡಿಯೋವನ್ನು 2015ರಲ್ಲಿ ಆಪಲ್ ಕೊಂಡಿತು, ಅಂಗಡಿ ಮುಚ್ಚಿತು. 2000ದ ದಶಕದ ಸಾವಿರಾರು ವಿಂಡೋಸ್ ಫ್ರೀ ಸಿಂತ್‌ಗಳು (ವಾದ್ಯದ ದನಿ ಹುಟ್ಟಿಸುವ ಪ್ಲಗಿನ್‌ಗಳು) ಹಳೆಯ 32 ಬಿಟ್ ಮಾದರಿಯವು, ಇವತ್ತಿನ 64 ಬಿಟ್ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ನೇರವಾಗಿ ತೆರೆಯುವುದೇ ಇಲ್ಲ. ಮ್ಯಾಕ್‌ನಲ್ಲಂತೂ 2019ರ ಕ್ಯಾಟಲೀನಾ ಆವೃತ್ತಿ 32 ಬಿಟ್ ಅನ್ನು ಪೂರ್ತಿ ಕೈಬಿಟ್ಟಿತು. ಮರುವರ್ಷ ಆಪಲ್ ತನ್ನದೇ ಚಿಪ್ ತಂದಿತು. ಆ ಚಿಪ್‌ಗೆಂದೇ ಮಾಡಿದ ಕ್ಯೂಬೇಸ್ ಎನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ವಿಎಸ್‌ಟಿ2 ಎಂಬ ಹಳೆಯ ಮಾದರಿಯ ಪ್ಲಗಿನ್‌ಗಳು ನಡೆಯುವುದಿಲ್ಲ.

ಇದರ ನಡುವೆ ಉಳಿದುಕೊಂಡದ್ದು ಯಾವುದು ನೋಡಿ. ಸರ್ಜ್ ಎನ್ನುವ ಸಿಂತ್ ಮೊದಲು ದುಡ್ಡಿನದೇ ಆಗಿತ್ತು. ಮಾಡಿದಾತ 2018ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟರು. ಬೇರೆ ಬೇರೆ ಊರಿನ ಮಂದಿ ಸೇರಿ ಅದನ್ನು ಮುಂದುವರಿಸಿದರು. ಇವತ್ತು ಸರ್ಜ್ ಎಕ್ಸ್‌ಟಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹೊಸ ಆಪಲ್ ಚಿಪ್‌ನಲ್ಲೂ. ಯಮಾಹಾ ಡಿಎಕ್ಸ್7 ಎನ್ನುವ ಹಳೆಯ ಕೀಬೋರ್ಡಿನ ದನಿ ಬೇಕಾದವರಿಗೆ ಡೆಕ್ಸ್‌ಡ್ ಕೂಡ ಹೀಗೇ ತೆರೆದಿಟ್ಟ ಸಾಫ್ಟ್‌ವೇರ್. ಏರ್‌ವಿಂಡೋಸ್ ಕೂಡ ಅಷ್ಟೇ. ನೋಡಲು ಏನೂ ಚೆಂದವಿಲ್ಲ, ಸುಮ್ನೆ ನಾಲ್ಕು ಸ್ಲೈಡರ್ ಇರುತ್ತವೆ. ನಾನು ಈಗ ಮೊದಲು ಕೈಹಾಕುವುದು ಇವಕ್ಕೇ.

ಕ್ರ್ಯಾಕ್ ಮಾಡಿದ್ದು ಕೂಡ ಫ್ರೀ ತಾನೇ ಎನ್ನುವ ಗೆಳೆಯರಿಗೆ ಒಂದು ಮಾತು. 2019ರಲ್ಲಿ ಇಸೆಟ್ ಎಂಬ ಆಂಟಿವೈರಸ್ ಕಂಪನಿ ಲೌಡ್‌ಮೈನರ್ ಎನ್ನುವ ಮಾಲ್‌ವೇರನ್ನು ಬಯಲಿಗೆಳೆಯಿತು. ಅದು ಕೂತಿದ್ದದ್ದು ಕಳ್ಳ ಸಂಗೀತ ಸಾಫ್ಟ್‌ವೇರ್ ಮತ್ತು ವಿಎಸ್‌ಟಿ ಪ್ಲಗಿನ್‌ಗಳ ಒಳಗೆ. ನಿಮ್ಮ ಕಂಪ್ಯೂಟರಿನ ಒಳಗೇ ಸದ್ದಿಲ್ಲದೆ ಇನ್ನೊಂದು ಪುಟ್ಟ ಲಿನಕ್ಸ್ ಓಡಿಸಿ, ಅದರಲ್ಲಿ ಕ್ರಿಪ್ಟೋ ನಾಣ್ಯ ಅಗೆಯುತ್ತಿತ್ತು. ಸಂಗೀತದವರನ್ನೇ ಯಾಕೆ ಹಿಡಿದರು? ನಮ್ಮ ಹತ್ತಿರ ಒಳ್ಳೆ ಪ್ರೊಸೆಸರ್ ಇರುತ್ತದೆ. ಫ್ಯಾನ್ ಬೊಬ್ಬೆ ಹೊಡೆದರೆ ಪ್ಲಗಿನ್ ಜಾಸ್ತಿ ಆಯಿತೇನೋ ಅಂದುಕೊಂಡು ಸುಮ್ಮನಾಗುತ್ತೇವೆ, ಅಲ್ವಾ?

ದುಡ್ಡಿನ ಲೆಕ್ಕವೂ ಒಂದಿಷ್ಟು. ಹೊರದೇಶದ ಡಿಜಿಟಲ್ ಸಾಮಾನಿಗೆ ಇಲ್ಲಿ 18% ಜಿಎಸ್‌ಟಿ ಇದೆ, ಅದು ಬಿಲ್ಲಿನ ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಕಾರ್ಡಿನವರ ವಿದೇಶಿ ಕರೆನ್ಸಿ ಶುಲ್ಕ ಬೇರೆ. ಒಟ್ಟು ಸೇರಿಸಿ ನೋಡಿ, ಡಾಲರನ್ನು ರೂಪಾಯಿಗೆ ಗುಣಿಸಿ ಸುಮ್ಮನಾಗಬೇಡಿ.

ಈಗಾಗಲೇ ಲಾಗಿನ್ ಕೇಳುವ ಪ್ಲಗಿನ್ ಬಳಸಿ ಹಾಡು ಮುಗಿಸಿದವರು ಇವತ್ತೇ ಒಂದು ಕೆಲಸ ಮಾಡಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ವೇವ್ ಫೈಲ್ ಆಗಿ ತೆಗೆದಿಡಿ. ಒಂದು ಪ್ಲಗಿನ್ ಸಮೇತ, ಇನ್ನೊಂದು ಪ್ಲಗಿನ್ ಇಲ್ಲದೆ. ಎರಡೂ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ, ಇಲ್ಲದಿದ್ದರೆ ಮುಂದೆ ಕೂಡಿಸುವಾಗ ತಾಳ ತಪ್ಪುತ್ತದೆ. ದನಿ ತೆಗೆದ ಮಿಕ್ಸ್ ಒಂದನ್ನು ಕೇಳದಿದ್ದರೂ ಮಾಡಿಡಿ, ಯಾರಾದರೂ ಕೇಳೇ ಕೇಳುತ್ತಾರೆ. ಪ್ಲಗಿನ್ ಕಿಟಕಿಯ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಿಗೆ ಹಾಕಿ. ಸಂಖ್ಯೆಗಳು ಕಂಡರೆ ಬೇರೆ ಪ್ಲಗಿನ್‌ನಲ್ಲಿ ಅರ್ಧ ಗಂಟೆಯಲ್ಲಿ ಕೂರಿಸಬಹುದು.

ಹೊಸದಾಗಿ ಕೊಳ್ಳುವವರು ಲೈಸೆನ್ಸ್ ಪುಟ ಓದಿದರೆ ಸಾಲದು. ಹೆಚ್ಚಿನವರು ಟ್ರಯಲ್ ಕೊಡುತ್ತಾರೆ, ಅದನ್ನು ಹಾಕಿಕೊಳ್ಳಿ. ದನಿ ಆಮೇಲೆ ಕೇಳಿ. ಮೊದಲು ವೈಫೈ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಪ್ರಾಜೆಕ್ಟ್ ತೆರೆಯಿರಿ. ಟ್ರಯಲ್‌ಗೆ ಮಾತ್ರ ನೆಟ್ ಕೇಳಿ, ಕೊಂಡ ಮೇಲೆ ಕೇಳದವೂ ಇವೆ. ಆದ್ದರಿಂದ ಅಲ್ಲಿ ಲಾಗಿನ್ ಕಿಟಕಿ ಎದ್ದರೆ ಸಪೋರ್ಟ್‌ಗೆ ಎರಡೇ ಪ್ರಶ್ನೆ ಬರೆಯಿರಿ: ನೆಟ್ ಇಲ್ಲದೆ ಆಕ್ಟಿವೇಟ್ ಮಾಡಬಹುದಾ, ಕಂಪ್ಯೂಟರ್ ಕೆಟ್ಟರೆ ಆಕ್ಟಿವೇಶನ್ ಯಾರು ಬಿಡಿಸಿಕೊಡುತ್ತಾರೆ. ಸೇಲ್ ಮುಗಿಯುವ ಮುಂಚೆ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಆ ಗಡಿಯಾರ ಡಿಸೆಂಬರಿನಲ್ಲಿ ಮತ್ತೆ ಓಡಲು ಶುರುವಾಗುತ್ತದೆ.